ಆಟದ ಫೋಟೋಗೆ ಓಡುವ ಮನುಷ್ಯನ ಗುರುತು

ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದು ಕುಂಬಳೆ ಹತ್ತಿರದ ಗದ್ದೆಗೆ ಯಕ್ಷಗಾನದ ಆಟ ನೋಡಲು ಹೋದ ದಿನ ಡಯಲನ್ನು ಚಂದ್ರನ ಗುರುತಿಗೆ ತಿರುಗಿಸಿಟ್ಟಿದ್ದೆ. ರಾತ್ರಿ ಅಲ್ವಾ, ನೈಟ್ ಮೋಡೇ ಸರಿ ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಪುಂಡುವೇಷ (ಚುರುಕಾದ ಯುವಕನ ಪಾತ್ರ) ಧೀಂಗಿಣ ಹಾರಿದ, ಅಂದರೆ ಗಿರಗಿರನೆ ತಿರುಗುತ್ತ ಜಿಗಿದ ಕಡೆಯಲ್ಲೆಲ್ಲ ಬರೀ ಕೆಂಪು, ಹಳದಿ ಗೆರೆ. ಒಂದರಲ್ಲೂ ಮುಖ ಇಲ್ಲ. ತುಂಬ ಬೇಸರವಾಯಿತು.

ಮೋಡಿನ ಹೆಸರು ನೋಡಿ ನಂಬುವುದನ್ನು ಅವತ್ತೇ ಬಿಟ್ಟೆ. ನೈಟ್ ಮೋಡ್ ಹಾಕಿದರೆ ಶಟರ್ ಜಾಸ್ತಿ ಹೊತ್ತು ತೆರೆದೇ ಇರುತ್ತದೆ, ಕೆಲವೊಮ್ಮೆ ಒಂದು ಸೆಕೆಂಡಿಗೂ ಹೆಚ್ಚು. ಅಷ್ಟರಲ್ಲಿ ವೇಷ ಒಂದು ಸುತ್ತು ತಿರುಗಿಯೇ ಆಗಿರುತ್ತದೆ. ಅಲುಗಾಡದ ಗೋಪುರ, ದೀಪದ ಸಾಲು ಇಂಥದ್ದಕ್ಕೆ ಅದು ಒಳ್ಳೆಯದು. ಅದೂ ಸ್ಟ್ಯಾಂಡ್ ಇದ್ದರೆ.

ಆಟಕ್ಕೆ ಸ್ಪೋರ್ಟ್ಸ್ ಮೋಡ್ ಹಾಕಿ. ಓಡುವ ಮನುಷ್ಯನ ಗುರುತು ಇರುತ್ತದಲ್ಲ, ಅದೇ. ಶಟರ್ ಬೇಗ ಮುಚ್ಚುತ್ತದೆ. ಕಡಿಮೆಯಾದ ಬೆಳಕನ್ನು ಸರಿದೂಗಿಸಲು ಕ್ಯಾಮೆರಾ ತಾನೇ ಬೆಳಕಿಗೆ ಸ್ಪಂದಿಸುವ ಶಕ್ತಿಯನ್ನು, ಅಂದರೆ ಐಎಸ್‌ಒ ಏರಿಸುತ್ತದೆ. ಗುಂಡಿ ಒತ್ತಿ ಹಿಡಿದರೆ ಒಂದರ ಹಿಂದೆ ಒಂದು ಫೋಟೋ ಬೀಳುತ್ತದೆ. ಚಿತ್ರ ಸ್ವಲ್ಪ ತರಿತರಿಯಾಗಿ ಕಾಣುತ್ತದೆ. ಇರಲಿ ಬಿಡಿ, ಮುಖ ಸಿಗುವುದು ಮುಖ್ಯ. ಧೀಂಗಿಣದ ಪ್ರತಿ ಸುತ್ತಿನಲ್ಲೂ ಮುಖ ಒಂದು ಕ್ಷಣ ನಮ್ಮ ಕಡೆ ಬರುತ್ತದೆ. ಚೆಂಡೆಯ ಪೆಟ್ಟು ಕೇಳುತ್ತಾ ಕೂತರೆ ಆ ಕ್ಷಣ ಯಾವಾಗ ಅಂತ ಬೆರಳಿಗೇ ಗೊತ್ತಾಗುತ್ತದೆ. ಸ್ವಲ್ಪ ಮೊದಲೇ ಒತ್ತಿ, ಹಿಡಿದುಕೊಂಡೇ ಇರಿ.

ಫ್ಲ್ಯಾಶ್ ಬೇಡವೇ ಬೇಡ. ಸಣ್ಣ ಕ್ಯಾಮೆರಾದ ಫ್ಲ್ಯಾಶ್ ಮೂರ್ನಾಲ್ಕು ಮೀಟರ್ ದಾಟಿದರೆ ಸಾಕಾಗುವುದಿಲ್ಲ. ಮುಂದೆ ಕೂತವರ ತಲೆಗೆ ಬೆಳಕು ಬೀಳುತ್ತದೆ, ರಂಗಸ್ಥಳ ಕತ್ತಲಾಗಿಯೇ ಉಳಿಯುತ್ತದೆ. ಕುಣಿಯುವವರ ಕಣ್ಣಿಗೂ ಹಿಂಸೆ.

ವೇಷ ಕಟ್ಟುವ ಚೌಕಿಗೆ ಕೇಳಿಕೊಂಡೇ ಹೋಗಿ. ಅಲ್ಲಿ ನನಗೆ ಇಷ್ಟ ಹೂವಿನ ಗುರುತು, ಅಂದರೆ ಮ್ಯಾಕ್ರೋ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುವುದನ್ನು ನೋಡಿದ್ದೀರಾ? ಬಿಳಿ ಮುಳ್ಳುಗಳು ಸಾಲಾಗಿ ಏಳುತ್ತವೆ, ಒಂದೊಂದರ ತುದಿ ಇನ್ನೂ ಹಸಿ. ಝೂಮ್ ಮಾಡದೆ, ಒಂದು ಮೊಳ ದೂರ ಕೂತು, ಅವರ ಕೈ ನಿಂತಾಗ ತೆಗೆಯಿರಿ. ಝೂಮ್ ಮಾಡಿದರೆ ಎಷ್ಟೋ ಸಣ್ಣ ಕ್ಯಾಮೆರಾಗಳಲ್ಲಿ ಹತ್ತಿರದ್ದು ಮಸುಕಾಗುತ್ತದೆ.

ಬೇಕಲದ ಕಡಲ ಬದಿಗೆ ಹೋದರೆ ಸನ್‌ಸೆಟ್ ಮೋಡ್ ಸಾಕು. ಆಟೋ ಮೋಡಿನಲ್ಲಿಟ್ಟರೆ ಕ್ಯಾಮೆರಾ ಬಣ್ಣ ಸರಿಮಾಡಲು ಹೋಗಿ ಆ ಕೇಸರಿಯನ್ನೇ ಪೇಲವ ಮಾಡುತ್ತದೆ. ಸೂರ್ಯ ಮುಳುಗಿದ ಮೇಲೆ ಆಕಾಶವೂ ಬೇಕು, ಮನೆಯವರ ಮುಖವೂ ಬೇಕು ಅಂದರೆ ನೈಟ್ ಪೋರ್ಟ್ರೇಟ್ ಹಾಕಿ. ಇದರಲ್ಲಿ ಫ್ಲ್ಯಾಶ್ ಮಿಂಚಿ ಮುಖ ಹಿಡಿಯುತ್ತದೆ, ಆಕಾಶಕ್ಕಾಗಿ ಶಟರ್ ಇನ್ನೂ ತೆರೆದಿರುತ್ತದೆ. ಮಿಂಚಿದ ಕೂಡಲೇ ಆಯಿತು ಅಂತ ಎಲ್ಲರೂ ಹೊರಟುಬಿಡುತ್ತಾರೆ. ಅದಕ್ಕೆ ನಾನು ಮೊದಲೇ ಹೇಳಿಬಿಡುತ್ತೇನೆ: "ಬೆಳಕು ಬಂದರೂ ಅಲ್ಲಾಡಬೇಡ ಅಮ್ಮ, ನಾನು ಆಯ್ತು ಅನ್ನುವವರೆಗೆ ಹಾಗೇ ನಿಲ್ಲು."