ತೋಟದ ಹಳೇ ಡೀಸೆಲ್ ಎಂಜಿನ್: ಪಾಯದಿಂದ ಎತ್ತದೆ ರಿಪೇರಿ ಮಾಡುವುದು ಹೇಗೆ?

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಕಾಫಿ ತೋಟದ ಪಂಪ್‌ಮನೆ ಇರುವುದು ಹಳ್ಳದ ಅಂಚಿನಲ್ಲಿ. ಜೀಪು ಅಲ್ಲಿಗೆ ಇಳಿಯುವುದಿಲ್ಲ. ಎಂಜಿನ್ ಕೆಟ್ಟಿತೆಂದರೆ ಬೋಲ್ಟ್ ಬಿಚ್ಚಿ, ಬೊಂಬಿಗೆ ಕಟ್ಟಿ, ಆಳುಗಳ ಹೆಗಲ ಮೇಲೆ ಏರಿಸಿ ಪೇಟೆಗೆ ಒಯ್ಯುವುದೇ ರೂಢಿ. ಒಂಟಿ ಸಿಲಿಂಡರಿನ, ನೀರಿನಿಂದ ತಣಿಯುವ 5ರಿಂದ 10 ಎಚ್‌ಪಿ ಎಂಜಿನ್‌ಗೆ ಬಹುತೇಕ ಸಲ ಅದರ ಅಗತ್ಯವಿಲ್ಲ. ಇವುಗಳ ಹೆಡ್ಡು (ಸಿಲಿಂಡರಿನ ಮುಚ್ಚಳ) ಮೇಲಿನಿಂದ ಬಿಚ್ಚಿಕೊಳ್ಳುತ್ತದೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಪಕ್ಕದ ಬಾಗಿಲಿನಿಂದ ಕೈಗೆ ಸಿಗುತ್ತದೆ. ಎತ್ತದಿದ್ದರೆ ಇನ್ನೊಂದು ಲಾಭ: ಪಂಪಿನ ಶಾಫ್ಟಿಗೂ ಎಂಜಿನ್ನಿಗೂ ಇರುವ ನೇರ ತಪ್ಪುವುದಿಲ್ಲ. ಮರಳಿ ಕೂರಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಎರಡನ್ನೂ ಜೋಡಿಸುವ ಕಪ್ಲಿಂಗಿನ ರಬ್ಬರ್ ಬುಷ್ ತಿಂದು, ಪಂಪಿನ ಬೇರಿಂಗ್ ಹೋಗುತ್ತದೆ.

ರೋಬಸ್ಟಾ ಹೂವಿಗೆ ಫೆಬ್ರುವರಿ–ಮಾರ್ಚಿನಲ್ಲಿ ನೀರು ಕೊಡಬೇಕು. ಆದ್ದರಿಂದ ಈ ಕೆಲಸವನ್ನು ಮಳೆ ಬಿಟ್ಟ ಕೂಡಲೇ, ಕೊಯ್ಲು ಬಿರುಸಾಗುವ ಮೊದಲೇ ಮುಗಿಸಿಕೊಳ್ಳಿ.

ಬಿಚ್ಚುವ ಮೊದಲು ನೋಡಿ

ಸ್ಟಾರ್ಟ್ ಆಗದ ಎಂಜಿನ್ನಿನ ರೋಗ ಹೆಚ್ಚಾಗಿ ಡೀಸೆಲ್ ದಾರಿಯಲ್ಲೇ ಇರುತ್ತದೆ. ಟ್ಯಾಂಕಿನ ತಳದ ನೀರು, ಕಟ್ಟಿದ ಫಿಲ್ಟರ್, ಪೈಪಿನಲ್ಲಿ ಸಿಕ್ಕ ಗಾಳಿ, ಈ ಮೂರನ್ನು ಮೊದಲು ತಳ್ಳಿಹಾಕಿ. ಗಾಳಿ ತೆಗೆಯಲು ಫಿಲ್ಟರಿನ ಸ್ಕ್ರೂ, ಆಮೇಲೆ ಇಂಧನ ಪಂಪಿನ ಸ್ಕ್ರೂ, ಕೊನೆಗೆ ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಕಡೆಯ ನಟ್ಟು, ಇದೇ ಕ್ರಮದಲ್ಲಿ ಸಡಿಲಿಸುತ್ತಾ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡಲ್ ತಿರುಗಿಸಿ.

ನಾಜಲ್ ಬಿಚ್ಚಿ ಹೊರಗೇ ಪೈಪಿಗೆ ಜೋಡಿಸಿ ತಿರುಗಿಸಿದರೆ ಡೀಸೆಲ್ ಮಂಜಿನಂತೆ ಚಿಮ್ಮಬೇಕು. ಧಾರೆಯಾಗಿ ಸುರಿದರೆ ಅಥವಾ ತುದಿಯಲ್ಲಿ ಹನಿ ನಿಂತರೆ ನಾಜಲ್ ಕೆಟ್ಟಿದೆ. ಕೈಯನ್ನು ಆ ಚಿಮ್ಮಿನ ಎದುರು ಎಂದೂ ಹಿಡಿಯಬೇಡಿ. ಈ ಎಂಜಿನ್ನುಗಳ ನಾಜಲ್ ತೆರೆಯುವುದೇ ಸುಮಾರು 200 ಕೆ.ಜಿ./ಚದರ ಸೆಂ.ಮೀ. ಒತ್ತಡದಲ್ಲಿ. ಡೀಸೆಲ್ ಚರ್ಮ ತೂರಿ ಒಳಹೊಕ್ಕರೆ ನೋವು ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಈ ಹಂತದಲ್ಲಿ ಪೇಟೆಗೆ ಒಯ್ಯಬೇಕಾದದ್ದು ಈ ನಾಜಲ್ ಒಂದನ್ನೇ. ಅದರ ಒತ್ತಡ ಹೊಂದಿಸಲು ಟೆಸ್ಟ್ ಬೆಂಚ್ ಬೇಕು.

ಇದೆಲ್ಲ ಸರಿಯಿದ್ದೂ ಎಳೆಯುತ್ತಿಲ್ಲವೆಂದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ನೋಡಿ. ಡೀಸೆಲ್ ಬಂದ್ ಮಾಡಿ, ವಾಲ್ವನ್ನು ತೆರೆದಿಡುವ ಡಿಕಂಪ್ರೆಷನ್ ಲಿವರನ್ನು ಕೈಬಿಟ್ಟು ಫ್ಲೈವೀಲ್ ತಿರುಗಿಸಿದಾಗ ಅದು ಕೈಯನ್ನು ಹಿಂದಕ್ಕೆ ತಳ್ಳಬೇಕು. ಮೆತ್ತಗೆ ದಾಟಿಹೋದರೆ ವಾಲ್ವ್, ಪಿಸ್ಟನ್ ರಿಂಗು ಅಥವಾ ಹೆಡ್ಡಿನಡಿಯ ಗ್ಯಾಸ್ಕೆಟ್ ಸೋರುತ್ತಿದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ. ಅಂಥ ಎಂಜಿನ್ನನ್ನು ಮತ್ತೆ ಓಡಿಸಬೇಡಿ.

ಹೆಡ್ ಇಳಿಸುವುದು

ಸುತ್ತಲಿನ ಮಣ್ಣು, ಜಿಡ್ಡನ್ನು ಸೀಮೆಎಣ್ಣೆಯಿಂದ ತೊಳೆದು ಒರೆಸಿ. ನೀರು, ಆಯಿಲ್ ಇಳಿಸಿ. ಸೈಲೆನ್ಸರ್, ಏರ್ ಕ್ಲೀನರ್, ಡೀಸೆಲ್ ಪೈಪು, ವಾಲ್ವ್ ತೆರೆಯುವ ರಾಕರ್, ಪುಶ್ ರಾಡ್ ಕ್ರಮವಾಗಿ ತೆಗೆದು, ಯಾವುದು ಯಾವ ವಾಲ್ವಿನದೆಂದು ಗುರುತು ಮಾಡಿ. ಪೈಪಿನ ಬಾಯಿಗಳಿಗೆ ಶುಭ್ರ ಬಟ್ಟೆ ಕಟ್ಟಿ.

ಹೆಡ್ಡಿನ ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪಸ್ವಲ್ಪವೇ ಸಡಿಲಿಸಿ. ಹೆಡ್ಡು ಅಂಟಿಕೊಂಡಿದ್ದರೆ ಸಂದಿಗೆ ಉಳಿ ಹೊಡೆಯುವುದು ದೊಡ್ಡ ತಪ್ಪು. ಆ ಗಾಯದಿಂದ ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ. ನಟ್ಟುಗಳನ್ನು ಎರಡು ಮೂರು ಸುತ್ತು ಮಾತ್ರ ಸಡಿಲಿಸಿ, ನಾಜಲನ್ನು ಜಾಗದಲ್ಲೇ ಬಿಗಿಯಾಗಿರಿಸಿ, ಡೀಸೆಲ್ ಬಂದ್ ಮಾಡಿ ಫ್ಲೈವೀಲ್ ತಿರುಗಿಸಿ. ಒಳಗಿನ ಗಾಳಿಯ ಒತ್ತಡವೇ ಹೆಡ್ಡನ್ನು ಬಿಡಿಸುತ್ತದೆ.

ಗ್ಯಾಸ್ಕೆಟ್ ಎಲ್ಲಿ ಸುಟ್ಟಿದೆ ಎಂದು ನೋಡದೆ ಎಸೆಯಬೇಡಿ, ಹೆಡ್ಡು ಬಾಗಿರುವುದು ಹೆಚ್ಚಾಗಿ ಆ ಜಾಗದಲ್ಲೇ. ಸ್ಟೀಲ್ ಪಟ್ಟಿಯನ್ನು ಅಡ್ಡಡ್ಡ, ಓರೆಯಾಗಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು) ತೂರಿಸಿ. 0.05 ಮಿ.ಮೀ. ಎಲೆ ಹೋಗಬಾರದು. 0.1 ಹೋದರೆ ಹೆಡ್ಡನ್ನು ಲೇತ್ ಅಂಗಡಿಗೆ ಕೊಟ್ಟು ಮಟ್ಟ ಮಾಡಿಸಿ. ಮಟ್ಟ ಮಾಡಿದಷ್ಟೂ ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತದೆ ಎಂಬುದು ನೆನಪಿರಲಿ.

ವಾಲ್ವ್ ಕೂರಿಸಲು ಮೊದಲು ಒರಟು, ಆಮೇಲೆ ನುಣುಪು ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅರ್ಧ ಸುತ್ತು ಆಚೀಚೆ ತಿರುಗಿಸಿ, ಆಗಾಗ ಎತ್ತಿ ಜಾಗ ಬದಲಿಸಿ ಉಜ್ಜಿ. ಸುತ್ತಲೂ ಒಂದೇ ಸಮನೆ ಬೂದು ಪಟ್ಟಿ ಮೂಡಬೇಕು. ಪೇಸ್ಟ್ ಪೂರ್ತಿ ತೊಳೆದು, ಸ್ಪ್ರಿಂಗ್ ಹಾಕಿ, ಪೋರ್ಟಿಗೆ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಬಿಡಿ. ಕೆಳಗೆ ಒದ್ದೆ ಕಾಣಬಾರದು.

ಲೈನರ್ ಸವೆತ ಅಳೆಯುವ ಸುಲಭ ದಾರಿ

ಪಿಸ್ಟನ್ ಓಡಾಡುವ ಕೊಳವೆಯಾದ ಲೈನರಿನ ಮೇಲ್ತುದಿಯಲ್ಲಿ ಉಗುರಿಗೆ ತಡೆಯುವ ಮೆಟ್ಟಿಲು ಇದ್ದರೆ ಪಿಸ್ಟನ್ ಹೊರತೆಗೆಯಲೇಬೇಕು. ಮೊದಲು ಆ ಮೆಟ್ಟಿಲಿನ ಕರಿಯನ್ನು ಕೆರೆದು ತೆಗೆಯಿರಿ, ಇಲ್ಲದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ಪಕ್ಕದ ಬಾಗಿಲು ತೆರೆದು ರಾಡಿನ ಕೆಳತುದಿಯ ಬಿಗ್ ಎಂಡ್ ಕ್ಯಾಪಿಗೆ ಗುರುತು ಹಾಕಿ ಬಿಚ್ಚಿ, ರಾಡನ್ನು ಮರದ ತುಂಡಿನಿಂದ ಮೇಲಕ್ಕೆ ತಳ್ಳಿ.

ಬೋರ್ (ಒಳವ್ಯಾಸ) ಅಳೆಯುವ ಗೇಜ್ ಇಲ್ಲದಿದ್ದರೂ ಅಳತೆ ಸಿಗುತ್ತದೆ. ಮೇಲಿನ ರಿಂಗನ್ನು ಲೈನರಿನ ಸವೆಯದ ಕೆಳಭಾಗಕ್ಕೆ ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಅದರ ಬಾಯಿಯ ಸಂದನ್ನು ಫೀಲರಿನಲ್ಲಿ ಅಳೆಯಿರಿ. ಅದೇ ರಿಂಗನ್ನು ಮೆಟ್ಟಿಲಿನ ಕೆಳಗಿಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಎಷ್ಟು ಅಗಲವಾಗಿದೆ ಎಂದು ತಿಳಿಯುತ್ತದೆ. ಕೆಳಗೆ 0.4, ಮೇಲೆ 1.0 ಮಿ.ಮೀ. ಇದ್ದರೆ ಸವೆತ ಸುಮಾರು 0.19. 80 ಮಿ.ಮೀ. ಬೋರಿಗೆ ಇದು ಹೆಚ್ಚಾಯಿತು; ಬರೀ ರಿಂಗು ಹಾಕಿದರೆ ಹಣ ದಂಡ, ಲೈನರ್, ಪಿಸ್ಟನ್ ಜೊತೆಯಾಗಿ ಬದಲಿಸಿ. 0.1ರೊಳಗಿದ್ದರೆ ಹೊಸ ರಿಂಗು ಸಾಕು.

ಹಳೇ ಲೈನರ್ ಪುಲ್ಲರಿನಿಂದ ಬಂದ ಮೇಲೆ ಲೈನರಿನ ಸುತ್ತ ನೀರು ನಿಲ್ಲುವ ಜಾಕೆಟ್ಟಿನೊಳಗೆ ಕೈ ಹಾಕಿ ನೋಡಿ. ಹಳ್ಳದ ನೀರಿನ ಕೆಸರು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಎಂಜಿನ್ ಬಿಸಿಯೇರಲು ಅದೂ ಒಂದು ಕಾರಣ. ಪೂರ್ತಿ ಕೆರೆದು ತೆಗೆಯಿರಿ. ಹೊಸ ಲೈನರಿನ ರಬ್ಬರ್ ರಿಂಗುಗಳಿಗೆ ಸೋಪಿನ ನೀರು ಸವರಿ ಕೈಯಿಂದಲೇ ಒತ್ತಿ. ಸುತ್ತಿಗೆ ಬೇಕೆನಿಸಿದರೆ ರಬ್ಬರ್ ಮಡಚಿದೆ ಎಂದೇ ಅರ್ಥ. ಪಿಸ್ಟನ್ ಇಳಿಸುವ ಮೊದಲು ಜಾಕೆಟ್ಟಿಗೆ ನೀರು ತುಂಬಿ ಅರ್ಧ ಗಂಟೆ ಬಿಟ್ಟು, ಬಾಗಿಲಿನಿಂದ ಟಾರ್ಚ್ ಬಿಟ್ಟು ನೋಡಿ. ಹನಿ ಕಂಡರೆ ಈಗಲೇ ಸರಿಪಡಿಸಿ.

ಕ್ರ್ಯಾಂಕಿನ ಮೇಲೆ ಉಗುರು ಎಳೆದಾಗ ಗೆರೆ ಸಿಕ್ಕರೆ, ಮೇನ್ ಬೇರಿಂಗಿನಲ್ಲಿ ಆಟವಿದ್ದರೆ, ಬ್ಲಾಕು ಸೀಳಿದ್ದರೆ ಮಾತ್ರ ಎಂಜಿನ್ ಎತ್ತಬೇಕು.

ಮರುಜೋಡಣೆ

ರಿಂಗುಗಳ ಬಾಯಿ ಒಂದರ ನೇರಕ್ಕೊಂದು ಬರದಂತೆ ಹಂಚಿ. ಗುರುತಿರುವ ಮುಖ ಮೇಲಕ್ಕಿರಲಿ. ಎಲ್ಲಕ್ಕೂ ಆಯಿಲ್ ಸವರಿ. ಹೆಡ್ಡಿನ ನಟ್ಟನ್ನು ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ (ಬಿಗಿಯುವ ಬಲಕ್ಕೆ) ಮೂರು ಹಂತದಲ್ಲಿ, ಎದುರುಬದುರಾಗಿ ಬಿಗಿಯಿರಿ. ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ ಟ್ಯಾಪೆಟ್ (ರಾಕರಿಗೂ ವಾಲ್ವಿಗೂ ನಡುವಿನ ಸಂದು) ಹೊಂದಿಸಿ. ತಣ್ಣಗಿದ್ದಾಗ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ., ನಿಮ್ಮ ಮಾಡೆಲಿನ ಅಳತೆಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹೊಸ ಆಯಿಲ್ ತುಂಬಿ, ಡೀಸೆಲ್ ಬಿಡುವ ಮೊದಲು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲವಂತ ಮಾಡಬೇಡಿ, ವಾಲ್ವು ತಾಗುತ್ತಿರಬಹುದು.

ತಣ್ಣೀರೂ ಶತ್ರು

ತೋಟದ ಪಂಪ್‌ಸೆಟ್ಟಿನಲ್ಲಿ ಎಂಜಿನ್ ತಣಿಸುವ ನೀರು ಪಂಪಿನ ಡೆಲಿವರಿ ಪೈಪಿನಿಂದಲೇ ಬರುತ್ತದೆ. ಹಳ್ಳದೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಸೋರಿ ಪಂಪು ಗಾಳಿ ಹಿಡಿದರೆ ಎಂಜಿನ್ನಿಗೂ ನೀರಿಲ್ಲ. ಪಿಸ್ಟನ್ ಜಾಮ್ ಆಗಲು ಹೆಚ್ಚು ಹೊತ್ತು ಬೇಡ. ಇದು ಎಲ್ಲರಿಗೂ ಗೊತ್ತು. ಆದರೆ ‘ಹೆಚ್ಚು ನೀರು ಹರಿದರೆ ಒಳ್ಳೆಯದು’ ಎಂದು ತಣಿಸುವ ನೀರಿನ ವಾಲ್ವ್ ಪೂರ್ತಿ ತೆರೆದಿಡುವುದರಿಂದಲೂ ಲೈನರ್ ಹಾಳಾಗುತ್ತದೆ. ಮಲೆನಾಡಿನ ಹಳ್ಳದ ತಣ್ಣೀರು ರಭಸವಾಗಿ ಹರಿದರೆ ಸಿಲಿಂಡರ್ ಬಿಸಿಯೇರುವುದೇ ಇಲ್ಲ. ಡೀಸೆಲ್ ಉರಿದು ಹುಟ್ಟುವ ಆವಿ ಗೋಡೆಯ ಮೇಲೆ ನೀರಾಗಿ, ಗಂಧಕದ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಉರಿಯದ ಡೀಸೆಲ್ ಆಯಿಲಿಗಿಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಹೊರಬರುವ ನೀರು ಸುಮಾರು 60ರಿಂದ 70 ಡಿಗ್ರಿ ಇರುವಂತೆ ವಾಲ್ವ್ ಕಿರಿದು ಮಾಡಿ. ಅಗ್ಗದ ಥರ್ಮಾಮೀಟರ್ ಒಂದು ಪಂಪ್‌ಮನೆಯಲ್ಲಿ ಇರಲಿ.

ಮೊದಲ ಓಟದಲ್ಲಿ ಹೊರೆಯಿಲ್ಲದೆ ಹತ್ತು ಹದಿನೈದು ನಿಮಿಷ, ಆಮೇಲೆ ಅರ್ಧ ಹೊರೆಯಲ್ಲಿ ಕೆಲವು ಗಂಟೆ ನಡೆಸಿ. ಪಂಪ್‌ಮನೆಯ ಬಾಗಿಲು ತೆರೆದೇ ಇರಲಿ, ಹೊಗೆಯ ಪೈಪು ಹೊರಗಿರಲಿ. ತಣಿದ ಮೇಲೆ ಹೆಡ್ಡಿನ ನಟ್ಟು, ಟ್ಯಾಪೆಟ್ ಮತ್ತೊಮ್ಮೆ ನೋಡಿ. ಹೂವಿನ ನೀರು ಮುಗಿದು ಬ್ಯಾಕಿಂಗ್ ನೀರು (ಹೂವಿನ ನಂತರದ ಎರಡನೇ ನೀರು) ಕೊಡುವ ಮೊದಲು ಸಿಗುವ 15–20 ದಿನಗಳ ಬಿಡುವಿನಲ್ಲಿ ಆಯಿಲ್ ಬದಲಿಸಿ. ಹೊಸ ರಿಂಗು ತೇಯ್ದ ಲೋಹದ ಪುಡಿಯೆಲ್ಲ ಆ ಮೊದಲ ಆಯಿಲಿನಲ್ಲೇ ಇರುತ್ತದೆ.