ತೂಕ ಇಳಿಸುವ ಡಬ್ಬಿಯನ್ನು ಪರೀಕ್ಷಿಸುವುದು ಹೇಗೆ?

ಮಾಟುಂಗದಿಂದ ಡೊಂಬಿವಲಿಯವರೆಗಿನ ಮುಂಬೈ ಕನ್ನಡಿಗರ ಮನೆಗಳಿಗೆ ತೂಕ ಇಳಿಸುವ ಮಾತ್ರೆಗಳು ಔಷಧದಂಗಡಿಯಿಂದಲೇ ಬರಬೇಕೆಂದಿಲ್ಲ. ಜಿಮ್ಮಿನ ತರಬೇತುದಾರರು ಕೊಡುತ್ತಾರೆ, ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಮಾರುತ್ತಾರೆ. ಅಂಥ ಡಬ್ಬಿಯೊಂದು ಕೈಗೆ ಬಂದರೆ ಅದನ್ನು ಹೀಗೆ ಪರೀಕ್ಷಿಸಬಹುದು.

ಮೊದಲು ಲೇಬಲ್ಲಿನ ಮಾತನ್ನು ಓದಿ. ಬೊಜ್ಜನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ‘ಬೊಜ್ಜು ಖಂಡಿತ ಮಾಯ’ ಎಂಬ ಭರವಸೆ ಕಂಡಲ್ಲಿಯೇ ಅನುಮಾನ ಶುರುವಾಗಬೇಕು.

ಅನಂತರ ಪರವಾನಗಿ. ಆಹಾರ ಪೂರಕವಾದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ಸಂಖ್ಯೆ ಇರಬೇಕು. ಅದನ್ನು ಪ್ರಾಧಿಕಾರದ ಪರವಾನಗಿ ಜಾಲತಾಣವಾದ ಫಾಸ್ಕಾಸ್‌ನಲ್ಲಿ (FoSCoS) ಹಾಕಿ, ಅಲ್ಲಿ ಬರುವ ಹೆಸರು ಮತ್ತು ವಿಳಾಸ ಡಬ್ಬಿಯ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಹೊಂದಿದರೂ ನಿಶ್ಚಿಂತರಾಗಬೇಡಿ, ಏಕೆಂದರೆ ಆ ಸಂಖ್ಯೆ ವ್ಯಾಪಾರಿಗೆ ಸಿಕ್ಕ ಪರವಾನಗಿಯೇ ಹೊರತು ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ ಎಂಬುದಕ್ಕೆ ಪುರಾವೆಯಲ್ಲ.

ನಿಜವಾದ ಅಪಾಯವಿರುವುದು ಲೇಬಲ್ಲಿನಲ್ಲಿ ಬರೆಯದ ವಸ್ತುಗಳಲ್ಲಿ. ರಕ್ತದೊತ್ತಡ ಮತ್ತು ಹೃದಯಬಡಿತವನ್ನು ಏರಿಸುವ ಸಿಬುಟ್ರಾಮಿನ್ ಎಂಬ ಹಸಿವು ತಗ್ಗಿಸುವ ಔಷಧವನ್ನು ಭಾರತ 2011ರಲ್ಲಿ ನಿಷೇಧಿಸಿತು. ಆದರೂ ‘ಗಿಡಮೂಲಿಕೆ’ ಎಂದು ಮಾರಿದ ಮಾತ್ರೆಗಳಲ್ಲಿ ಅದು ಹಲವು ದೇಶಗಳಲ್ಲಿ ಪತ್ತೆಯಾಗುತ್ತಲೇ ಇದೆ. ಕೆಲವು ಮಾತ್ರೆಗಳಲ್ಲಿ ಭೇದಿ ಮಾಡಿಸುವ ಅಥವಾ ಮೂತ್ರ ಹೆಚ್ಚಿಸುವ ಔಷಧಗಳಿರುತ್ತವೆ. ವಾರದಲ್ಲಿ ಎರಡು ಕಿಲೋ ಇಳಿದದ್ದು ನಿಜವೇ, ಆದರೆ ಇಳಿದದ್ದು ಹೆಚ್ಚಾಗಿ ನೀರು. ಅದರೊಂದಿಗೆ ಪೊಟ್ಯಾಸಿಯಂ ಕೂಡ ಹೋಗಿ ಹೃದಯದ ಲಯ ತಪ್ಪಬಹುದು. ಮುಂಬೈಯ ಅಕ್ಟೋಬರ್ ಬಿಸಿಲಿನಲ್ಲಿ ಲೋಕಲ್ ಹಿಡಿದು ಬೆವರುವವರಿಗೆ ಈ ನಷ್ಟ ಇನ್ನಷ್ಟು ದುಬಾರಿ. ಬಹುಬೇಗ ಫಲ ಕೊಟ್ಟ ಮಾತ್ರೆಯನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ.

ನೈಸರ್ಗಿಕವೆಂಬ ಮಾತೂ ರಕ್ಷಣೆಯಲ್ಲ. ನಮ್ಮ ಪುನರ್ಪುಳಿಯ ಹತ್ತಿರದ ಸಂಬಂಧಿಯಾದ ಉಪ್ಪಾಗೆಯನ್ನು ಅಡುಗೆಯ ಹುಳಿಗೆ ಬಳಸುವುದು ಬೇರೆ, ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಅದರ ಸಾಂದ್ರ ಸಾರವನ್ನು ತಿಂಗಳುಗಟ್ಟಲೆ ನುಂಗುವುದು ಬೇರೆ. ಎರಡನೆಯದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗ್ರೀನ್ ಟೀಯ ಸಾಂದ್ರ ಸಾರಕ್ಕೂ ಇದೇ ಅನ್ವಯಿಸುತ್ತದೆ.

ಈಗಾಗಲೇ ಸೇವಿಸುತ್ತಿದ್ದರೆ ನಿಲ್ಲಿಸಿ, ದೇಹವನ್ನು ಗಮನಿಸಿ. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು, ಸ್ನಾಯುಗಳಲ್ಲಿ ನಿಶ್ಶಕ್ತಿ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಎದೆನೋವು, ಪ್ರಜ್ಞೆ ತಪ್ಪುವುದು ಅಥವಾ ತೀವ್ರ ಜ್ವರದೊಂದಿಗೆ ವಿಪರೀತ ಬೆವರು ಬಂದರೆ 108ಕ್ಕೆ ಕರೆ ಮಾಡಿ. ವೈದ್ಯರು ಬೈಯುತ್ತಾರೆಂದು ಮಾತ್ರೆಯ ವಿಷಯ ಮುಚ್ಚಿಡಬೇಡಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಆದರೆ ಡಬ್ಬಿಯನ್ನು ಎಸೆಯಬೇಡಿ. ಉಳಿದ ಮಾತ್ರೆ, ಬ್ಯಾಚ್ ಸಂಖ್ಯೆ, ಹಣ ಕಳಿಸಿದ ರಸೀದಿ ಎಲ್ಲವನ್ನೂ ಒಂದು ಚೀಲದಲ್ಲಿಟ್ಟು ವೈದ್ಯರಿಗೆ ತೋರಿಸಿ, ಅಡ್ಡಪರಿಣಾಮವನ್ನು ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಿ. ಮಾರಿದವರ ಬಗ್ಗೆ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರು ಕೊಡುವಾಗಲೂ ಅದೇ ಚೀಲ ಬೇಕಾಗುತ್ತದೆ.