ಅಂಚು ಮತ್ತು ಕಾವು: ಕೈತೋಟದ ಸಲಕರಣೆಗಳನ್ನು ನಾನು ಆರಿಸುವ, ಕಾಪಾಡುವ ಬಗೆ

ಕೈತೋಟದ ಯಾವುದೇ ಸಲಕರಣೆ ಕೈಗೆತ್ತಿಕೊಂಡರೂ ನಾನು ಮೊದಲು ನೋಡುವುದು ಎರಡು ಜಾಗ. ಒಂದು, ಮಣ್ಣಿಗೋ ಗಿಡಕ್ಕೋ ತಾಗುವ ಅಂಚು. ಇನ್ನೊಂದು, ಕಬ್ಬಿಣ ಕಾವಿಗೆ, ಎಂದರೆ ಹಿಡಿಗೆ, ಸೇರುವ ಸಂದು. ಬಣ್ಣ, ಹೊಳಪು, ಹಿಡಿಗೆ ಸುತ್ತಿದ ರಬ್ಬರು ಎಲ್ಲ ಆಮೇಲಿನ ಮಾತು. ಸಲಕರಣೆ ಕೈಕೊಡುವುದು ಹೆಚ್ಚಾಗಿ ಈ ಎರಡು ಕಡೆಯೇ. ಅಂಚು ಮೊಂಡಾಗುತ್ತದೆ, ಇಲ್ಲವೇ ಸಂದು ಸಡಿಲವಾಗುತ್ತದೆ. ಕೊಳ್ಳುವಾಗ ಸಂದನ್ನು ಚೆನ್ನಾಗಿ ನೋಡಿಕೊಂಡು, ಬಳಸುವಾಗ ಅಂಚನ್ನು ಕಾಪಾಡಿಕೊಂಡರೆ ಮಿಕ್ಕ ಕೆಲಸ ಹಗುರ.

ನನ್ನ ಕೈಯಲ್ಲಿ ಸದಾ ಇರುವುದು ನಾಲ್ಕೇ. ನಾಟಿ ಮಾಡಲು ಕೈಸಲಿಕೆ, ಕಳೆ ತೆಗೆಯಲು ಕೈಗುದ್ದಲಿ, ಸವರುವ ಕತ್ತರಿ, ಮಡಚುವ ಗರಗಸ. ನೆಲದ ಪಾತಿಯಲ್ಲಿ ಬೆಳೆಯುವವರಿಗೆ ಇದರ ಜೊತೆಗೆ ಉದ್ದ ಕಾವಿನ ಗುದ್ದಲಿ ಬೇಕು. ಕುಂಡಗಳಲ್ಲಷ್ಟೇ ಬೆಳೆಯುವವರಿಗೆ ಕೈಸಲಿಕೆ, ಕತ್ತರಿ ಎರಡೇ ಸಾಕಾಗಬಹುದು. ಡಬ್ಬಿಯಲ್ಲಿ ಸಾಲಾಗಿ ಜೋಡಿಸಿಟ್ಟ ಸೆಟ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರಲ್ಲಿ ಬಳಕೆಗೆ ಬರುವುದು ಒಂದೆರಡು, ಅವೂ ತೆಳು ತಗಡಿನವು. ಅದೇ ದುಡ್ಡನ್ನು ಒಂದು ಒಳ್ಳೆಯ ಕತ್ತರಿಗೆ ಹಾಕುವುದು ಮೇಲು.

ಕೈಸಲಿಕೆ ಮುರಿಯುವುದು ಯಾವಾಗಲೂ ಕತ್ತಿನಲ್ಲಿ. ಗಟ್ಟಿ ಮಣ್ಣಿಗೆ ಚುಚ್ಚಿ ಮೀಟಿದಾಗ ಇಡೀ ಬಲ ಬೀಳುವುದು ಅಲಗು ಹಿಡಿಗೆ ಸೇರುವ ಆ ಸಣ್ಣ ಜಾಗದ ಮೇಲೆ. ಹಾಗಾಗಿ ತಗಡನ್ನು ಮಡಚಿ ಮಾಡಿದ್ದಕ್ಕಿಂತ, ಅಲಗು ಕತ್ತು ಎರಡೂ ಒಂದೇ ಉಕ್ಕಿನಲ್ಲಿ ಬಡಿದು ಮಾಡಿದ್ದನ್ನು ಆರಿಸುತ್ತೇನೆ. ಅಂಗಡಿಯಲ್ಲೇ ಅಲಗಿನ ತುದಿಯನ್ನು ಮೇಜಿಗೆ ಒತ್ತಿ, ಹಿಡಿಯನ್ನು ಮೆಲ್ಲಗೆ ಬಾಗಿಸಿ ನೋಡುತ್ತೇನೆ. ಕತ್ತು ಚೂರು ಬಳುಕಿದರೂ ಅದನ್ನು ಅಲ್ಲೇ ಬಿಟ್ಟು ಬರುತ್ತೇನೆ. ಅಲಗು ಅಗಲವಾಗಿದ್ದರೆ ಹದಮಾಡಿದ ಸಡಿಲ ಮಣ್ಣು ತುಂಬಲು ಅನುಕೂಲ. ಕಿರಿದಾಗಿ ಮೊನಚಾಗಿದ್ದರೆ ಜೇಡಿ ಮಣ್ಣಿಗೂ, ಆಳದ ಬೇರಿನ ಕಳೆಗೂ ಒಳ್ಳೆಯದು. ಒಂದೇ ಕೊಳ್ಳುವುದಾದರೆ ಕಿರಿದನ್ನೇ ಕೊಳ್ಳಿ.

ಸ್ಟೇನ್‌ಲೆಸ್ ಸ್ಟೀಲೋ, ಕಾರ್ಬನ್ ಸ್ಟೀಲೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸ್ಟೇನ್‌ಲೆಸ್ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ, ಜಿಗುಟು ಮಣ್ಣೂ ಅದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಆದ್ದರಿಂದ ಕೈಸಲಿಕೆಗೆ ಅದು ಒಪ್ಪುತ್ತದೆ. ಹರಿತವಿರಲೇಬೇಕಾದ ಗುದ್ದಲಿ, ಕತ್ತರಿಗಳಿಗೆ ನನ್ನ ಮನಸ್ಸು ಹದಗೊಳಿಸಿದ ಕಾರ್ಬನ್ ಸ್ಟೀಲಿನ ಕಡೆಗೆ. ಅದು ಅರಕ್ಕೆ (ಲೋಹ ಉಜ್ಜುವ ಹಲ್ಲಿನ ಉಕ್ಕಿನ ಪಟ್ಟಿಗೆ) ಬೇಗ ಒಲಿಯುತ್ತದೆ, ಬಂದ ಹರಿತವನ್ನು ಉಳಿಸಿಕೊಳ್ಳುತ್ತದೆ. ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತದೆ ಎಂಬುದೊಂದೇ ಅದರ ಕೊರತೆ, ಅದು ನಮ್ಮ ಕೈಯಲ್ಲೇ ಇದೆ.

ಗುದ್ದಲಿ ಕೊಳ್ಳುವಾಗ ಕಾವಿಗೆ ಹೆಚ್ಚು ಹೊತ್ತು ಕೊಡಿ. ಮರದ ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ನೇರವಾಗಿ ಹರಿದಿರಬೇಕು. ಎಳೆ ನಡುವೆ ಓರೆಯಾಗಿ ಪಕ್ಕಕ್ಕೆ ಹೋಗಿ ಮುಗಿದಿದ್ದರೆ ಒಂದು ದಿನ ಕಾವು ಸೀಳುವುದು ಅಲ್ಲೇ. ಗಂಟುಗಳಿದ್ದರೂ ಬೇಡ. ದಪ್ಪ ಬಣ್ಣ ಬಳಿದ ಕಾವು ಎಂದರೆ ನನಗೆ ಅನುಮಾನ, ಏಕೆಂದರೆ ಬಣ್ಣದಡಿ ಎಳೆಯೂ ಕಾಣುವುದಿಲ್ಲ, ಗಂಟೂ ಕಾಣುವುದಿಲ್ಲ. ಉದ್ದ ಎಷ್ಟಿರಬೇಕು ಎಂಬುದನ್ನು ಬಳಸುವವರ ಎತ್ತರವೇ ಹೇಳುತ್ತದೆ. ಕಳೆ ಕೆರೆಯುವಾಗ ಬೆನ್ನು ಬಾಗಿಸದೆ ನಿಲ್ಲುವಂತಿರಬೇಕು. ಮನೆಯಲ್ಲಿ ಇಬ್ಬರು ತೋಟಕ್ಕಿಳಿಯುವುದಾದರೆ ಇಬ್ಬರೂ ಹಿಡಿದು ನೋಡಿಯೇ ಕೊಳ್ಳಬೇಕು.

ಕಾವು ಸಡಿಲವಾದರೆ ನೀರಲ್ಲಿ ನೆನೆಹಾಕುವ ರೂಢಿ ಇದೆ. ನೆನೆದ ಮರ ಉಬ್ಬಿ ಬಿಗಿಯಾಗುವುದು ನಿಜ. ಆದರೆ ಒಣಗಿದ ಮೇಲೆ ಅದು ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ, ಏಕೆಂದರೆ ಉಬ್ಬಿದಾಗ ಕಬ್ಬಿಣದ ಬಳೆಗೆ ಒತ್ತಿಕೊಂಡ ಎಳೆಗಳು ಜಜ್ಜಿಹೋಗಿರುತ್ತವೆ. ಅದರ ಬದಲು ಒಣಗಿದ ಗಟ್ಟಿ ಮರದ ಬೆಣೆ ಹೊಡೆಯಿರಿ. ಕಾವಿನ ದಪ್ಪ ತುದಿ ತಲೆಯ ಕಡೆಗಿರುವ ಗುದ್ದಲಿಯಾದರೆ ಆ ದಪ್ಪ ತುದಿಯನ್ನು ಕೆಳಗೆ ಮಾಡಿ ಗಟ್ಟಿ ನೆಲಕ್ಕೆ ಕುಟ್ಟಿದರೆ ಸಾಕು, ತಲೆ ತನ್ನ ಭಾರಕ್ಕೇ ಇಳಿದು ಕಚ್ಚಿಕೊಳ್ಳುತ್ತದೆ. ತಲೆ ಅಲ್ಲಾಡುವ ಗುದ್ದಲಿಯನ್ನು ಮಾತ್ರ ಒಂದು ಏಟಿಗೂ ಎತ್ತಬಾರದು.

ಈಗ ಕತ್ತರಿಯ ವಿಷಯ. ನನ್ನ ಮಟ್ಟಿಗೆ ತೋಟದಲ್ಲಿ ಅತಿ ಮುಖ್ಯವಾದದ್ದು ಇದೇ. ಮಣ್ಣನ್ನು ಯಾವುದರಿಂದಲೋ ಅಗೆದುಬಿಡಬಹುದು. ಗಿಡಕ್ಕೆ ಮಾಡಿದ ಗಾಯ ಹಾಗಲ್ಲ, ಕೆಟ್ಟದಾಗಿ ಕತ್ತರಿಸಿದ ರೆಂಬೆ ತುದಿಯಿಂದ ಒಣಗುತ್ತಾ ಬರುತ್ತದೆ, ಜಜ್ಜಿದ ಜಾಗದಿಂದ ರೋಗ ಒಳಗೆ ಇಳಿಯುತ್ತದೆ. ಸವರುವ ಕತ್ತರಿಯಲ್ಲಿ ಎರಡು ಬಗೆ. ಬೈಪಾಸ್ ಎನ್ನುವುದರಲ್ಲಿ ಹರಿತವಾದ ಅಲಗು ಮೊಂಡಾದ ಕೊಕ್ಕೆಯ ಪಕ್ಕದಿಂದ ಸರಿದುಹೋಗುತ್ತದೆ. ಆನ್ವಿಲ್ ಎನ್ನುವುದರಲ್ಲಿ ಅಲಗು ನೇರವಾಗಿ ಒಂದು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತದೆ. ಹಸಿರು ರೆಂಬೆಗೆ ಬೈಪಾಸ್ ಬೇಕು, ಏಕೆಂದರೆ ಆನ್ವಿಲ್ ಕಾಂಡವನ್ನು ಪಟ್ಟಿಗೆ ಒತ್ತಿ ಜಜ್ಜುತ್ತದೆ. ಒಣಗಿದ ಗಟ್ಟಿ ಕಡ್ಡಿಗಳಿಗೆ ಆನ್ವಿಲ್ ಒಳ್ಳೆಯದು. ಒಂದೇ ಸಾಕು ಎನ್ನುವವರಿಗೆ ನನ್ನ ಸಲಹೆ ಬೈಪಾಸ್.

ಕೊಳ್ಳುವಾಗ ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಅಲಗು ಮತ್ತು ಕೊಕ್ಕೆ ಸೇರುವ ಕಡೆ ಸೀಳು ಬೆಳಕು ಕಾಣುತ್ತಿದ್ದರೆ ನಾರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ನಡುವಿನ ಕೀಲು ರಿವೆಟ್ ಆಗಿರದೆ ಬಿಚ್ಚಬಹುದಾದ ಬೋಲ್ಟ್ ಆಗಿರಬೇಕು. ಬಿಚ್ಚಲಾಗದ ಕತ್ತರಿಯನ್ನು ಸರಿಯಾಗಿ ತೊಳೆಯಲೂ ಆಗದು, ಹರಿತ ಮಾಡಲೂ ಆಗದು. ಸ್ಪ್ರಿಂಗ್ ಮತ್ತು ಅಲಗು ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿಕೊಳ್ಳಿ. ಪೂರ್ತಿ ತೆರೆದಾಗ ಹಿಡಿಗಳು ನಿಮ್ಮ ಅಂಗೈಗೆ ಮೀರಿದಷ್ಟು ಅಗಲಕ್ಕೆ ಹೋಗಬಾರದು. ಎಡಗೈಯವರಿಗಾಗಿಯೇ ಮಾಡಿದ ಕತ್ತರಿಗಳು ಬೇರೆ ಇವೆ, ಎಡಗೈಯವರು ಅದನ್ನೇ ಕೇಳಿ ಪಡೆಯಬೇಕು.

ಕತ್ತರಿಸುವಾಗ ತೆಳು ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆಗೂ, ಕೊಕ್ಕೆ ಬಿದ್ದುಹೋಗುವ ಭಾಗದ ಕಡೆಗೂ ಇರಲಿ. ಕೊಕ್ಕೆ ಒತ್ತಿದ ಕಡೆ ತೊಗಟೆ ಸ್ವಲ್ಪ ಜಜ್ಜುತ್ತದೆ, ಆ ಜಜ್ಜು ಕತ್ತರಿಸಿ ಬಿಸಾಡುವ ತುಂಡಿಗೇ ಹೋಗಲಿ. ಸುಮಾರು 2 ಸೆಂ.ಮೀ.ಗಿಂತ ದಪ್ಪದ ಕೊಂಬೆಗೆ ನಾನು ಕತ್ತರಿ ಹಾಕುವುದಿಲ್ಲ. ಎರಡೂ ಕೈಯಲ್ಲಿ ಹಿಸುಕಿ, ಆಚೆ ಈಚೆ ತಿರುಚಿ ಕತ್ತರಿಸಿದರೆ ಕೊಂಬೆ ಬಿದ್ದೀತು, ಆದರೆ ಅಲಗು ಬಾಗಿ ಕೀಲು ಸಡಿಲವಾಗುತ್ತದೆ. ಅಲ್ಲಿಂದ ಮುಂದೆ ಗರಗಸದ ಕೆಲಸ.

ಕತ್ತರಿಯನ್ನು ಹರಿತ ಮಾಡುವುದು ಕಷ್ಟವಲ್ಲ, ಆದರೆ ಒಂದು ನಿಯಮ ತಪ್ಪಬಾರದು. ಬೈಪಾಸ್ ಅಲಗಿಗೆ ಓರೆ, ಎಂದರೆ ಅಂಚಿನ ಕಡೆಗೆ ಇಳಿಜಾರಾಗಿ ಸವೆಸಿದ ಭಾಗ, ಇರುವುದು ಹೊರಮೈಯಲ್ಲಿ ಮಾತ್ರ. ಸಾಣೆ ಹಿಡಿಯಬೇಕಾದದ್ದು ಆ ಮೈಯನ್ನೇ. ಕೊಕ್ಕೆಗೆ ಒರೆಸಿಕೊಂಡು ಹೋಗುವ ಒಳಮೈ ಚಪ್ಪಟೆಯಾಗಿಯೇ ಉಳಿಯಬೇಕು. ಅಲ್ಲಿ ಓರೆ ಮಾಡಿದರೆ ಅಲಗು ಕೊಕ್ಕೆಯ ನಡುವೆ ಸಂದಿ ಬಿದ್ದು ಕತ್ತರಿ ಮತ್ತೆಂದೂ ಚೆನ್ನಾಗಿ ಕತ್ತರಿಸದು. ನಾನು ಮೊದಲು ಓರೆಯ ಮೇಲೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯುತ್ತೇನೆ. ಸಣ್ಣ ಸಾಣೆಕಲ್ಲನ್ನು ಒಂದೆರಡು ಸಲ ಎಳೆದ ಮೇಲೆ ಬಣ್ಣ ಎಲ್ಲಿ ಅಳಿಸಿತು ಎಂದು ನೋಡಿದರೆ ಕಲ್ಲು ಸರಿಯಾದ ಕೋನದಲ್ಲಿ ಕೂರುತ್ತಿದೆಯೇ ಎಂಬುದು ತಿಳಿಯುತ್ತದೆ. ಅಂಚಿನ ಕಡೆ ಮಾತ್ರ ಅಳಿಸಿದ್ದರೆ ಕಲ್ಲನ್ನು ಇನ್ನಷ್ಟು ಮಲಗಿಸಬೇಕು. ಹಿಂಬದಿ ಮಾತ್ರ ಅಳಿಸಿದ್ದರೆ ಸ್ವಲ್ಪ ಎತ್ತಬೇಕು. ಅಲಗಿನ ಬುಡದಿಂದ ತುದಿಗೆ, ಬಾಗನ್ನು ಅನುಸರಿಸಿ, ಒಂದೇ ದಿಕ್ಕಿನಲ್ಲಿ ಉಜ್ಜುತ್ತಾ ಹೋದರೆ ಒಳಮೈ ಅಂಚಿನಲ್ಲಿ ಉಕ್ಕಿನ ನವಿರಾದ ತರಿ ಮಡಚಿಕೊಂಡು ನಿಲ್ಲುತ್ತದೆ. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯದೆ, ಅಡ್ಡಡ್ಡಕ್ಕೆ ಹೊರಗೆ ಸವರಿದರೆ ಅದು ಗೊತ್ತಾಗುತ್ತದೆ. ಆ ತರಿ ಉದ್ದಕ್ಕೂ ಬಂದಿತೆಂದರೆ ಹರಿತ ಬಂದಂತೆ. ಕೊನೆಗೆ ಕಲ್ಲನ್ನು ಒಳಮೈಗೆ ಪೂರ್ತಿ ಚಪ್ಪಟೆಯಾಗಿ ಮಲಗಿಸಿ ಒಂದು ಸಲ ಸವರಿ ತರಿಯನ್ನು ತೆಗೆಯಬೇಕು. ತೆಳು ಕಾಗದವನ್ನು ಹರಿಯದೆ ಕತ್ತರಿಸಿದರೆ ಕೆಲಸ ಮುಗಿಯಿತು.

ಗುದ್ದಲಿಗೆ ಇಷ್ಟು ನಾಜೂಕು ಬೇಡ, ಅರ ಸಾಕು. ಅಲಗನ್ನು ಮೇಜಿನ ವೈಸಿನಲ್ಲಿ (ಬಿಗಿದು ಹಿಡಿಯುವ ಇಕ್ಕಳದಲ್ಲಿ) ಬಿಗಿದು, ಅರವನ್ನು ಮುಂದಕ್ಕೆ ತಳ್ಳುವಾಗ ಒತ್ತಿ, ಹಿಂದಕ್ಕೆ ತರುವಾಗ ಎತ್ತಿ ತನ್ನಿ. ಅರದ ಹಲ್ಲು ಕತ್ತರಿಸುವುದು ತಳ್ಳುವಾಗ ಮಾತ್ರ, ಹಿಂದಕ್ಕೆ ಎಳೆದರೆ ಹಲ್ಲೇ ಮೊಂಡಾಗುತ್ತದೆ. ಕಳೆ ಕೆರೆಯುವ ಗುದ್ದಲಿಗೆ 30 ಡಿಗ್ರಿಯ ಆಸುಪಾಸಿನ ಓರೆ ಚೆನ್ನ. ಕಲ್ಲು ತಗಲುವ ನೆಲ ಅಗೆಯುವ ಗುದ್ದಲಿಗೆ, ಸಲಿಕೆಗೆ 45 ಡಿಗ್ರಿಯಷ್ಟು ದಪ್ಪ ಅಂಚೇ ಇರಲಿ, ಇಲ್ಲದಿದ್ದರೆ ಬಾಯಿ ಬೇಗ ಮಡಚುತ್ತದೆ. ಹರಿತವಾದ ಕೈಗುದ್ದಲಿ ಮಣ್ಣಿನ ಮೇಲ್ಪದರದ ಕೆಳಗೆ ಜಾರಿ ಕಳೆಯ ಕತ್ತನ್ನು ಕೊಯ್ಯುತ್ತದೆ. ಮೊಂಡಾದದ್ದು ಕಳೆಯನ್ನು ಬಗ್ಗಿಸಿ ಮುಂದೆ ಹೋಗುತ್ತದೆ. ಬಿಸಿಲೇರುವ ಮುಂಚೆ ಒಣ ಮಣ್ಣಿನಲ್ಲಿ ಹೀಗೆ ಕೊಯ್ದ ಎಳೆ ಕಳೆಗಳು ಮಧ್ಯಾಹ್ನದೊಳಗೆ ಬಾಡುವುದನ್ನು ನೋಡಿದರೆ ಅರ ಹಿಡಿದ ಶ್ರಮ ಸಾರ್ಥಕ ಎನಿಸುತ್ತದೆ.

ವಿದ್ಯುತ್ ಗ್ರೈಂಡರ್ ಬೇಡ ಎನ್ನುವವನು ನಾನು. ಚಕ್ರದ ಶಾಖಕ್ಕೆ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನೀಲಿಗೆ ತಿರುಗುತ್ತದೆ. ನೀಲಿ ಬಂದ ಅಂಚಿನ ಹದ ಹೋಗಿರುತ್ತದೆ, ಅದು ಮತ್ತೆ ಹರಿತ ಹಿಡಿದು ನಿಲ್ಲುವುದಿಲ್ಲ.

ಗರಗಸದ ಬಗ್ಗೆ ಹೇಳುವುದು ಸ್ವಲ್ಪವೇ. ಹಲ್ಲುಗಳು ಹಿಡಿಯ ಕಡೆಗೆ ಬಾಗಿದ್ದು, ಎಳೆಯುವಾಗ ಕತ್ತರಿಸುವ ಬಗೆಯದನ್ನು ತೆಗೆದುಕೊಳ್ಳಿ, ಹಸಿ ಮರದಲ್ಲಿ ಅದು ಬಾಗದೆ ಓಡುತ್ತದೆ. ಹಲ್ಲಿನ ತುದಿಗಳು ನೀಲಿ ಮಿಶ್ರಿತ ಕಪ್ಪಗಿದ್ದರೆ ಅವನ್ನು ಕಾರ್ಖಾನೆಯಲ್ಲೇ ವಿಶೇಷವಾಗಿ ಗಡಸುಗೊಳಿಸಿರುತ್ತಾರೆ, ಅರ ಅದರ ಮೇಲೆ ಜಾರುತ್ತದೆ. ಅಂಥದ್ದು ಮೊಂಡಾದಾಗ ಅಲಗನ್ನೇ ಬದಲಿಸಬೇಕು.

ದಿನದ ಆರೈಕೆ ಚಿಕ್ಕದು. ಮಣ್ಣು ಅಂಟಿದ್ದನ್ನು ಗಡಸು ಬ್ರಷ್ಷಿನಿಂದ ಉಜ್ಜಿ, ತೊಳೆದರೆ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ತುಕ್ಕಿಗೆ ಬೇಕಾದದ್ದು ಗಾಳಿ ಮತ್ತು ನೀರು. ರಸಗೊಬ್ಬರದ ಲವಣ ಅಂಟಿಕೊಂಡಿದ್ದರೆ ಅದು ಇನ್ನೂ ಬೇಗ ಹಬ್ಬುತ್ತದೆ, ಹಾಗಾಗಿ ಗೊಬ್ಬರ ಬೆರೆಸಿದ ದಿನ ತೊಳೆಯದೆ ಇಡುವುದಿಲ್ಲ. ಕತ್ತರಿಗೆ ಅಂಟಿದ ಗಿಡದ ರಸವನ್ನು ಹಸಿ ಇರುವಾಗಲೇ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸುತ್ತೇನೆ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಅಡುಗೆ ಎಣ್ಣೆ ಬೇಡ, ಅದು ಕಾಲಕ್ರಮೇಣ ಅಂಟಾಗಿ ಕೀಲನ್ನು ಹಿಡಿದುಬಿಡುತ್ತದೆ. ಎಣ್ಣೆ ಬೆರೆಸಿದ ಮರಳಿನ ಬಕೆಟ್ಟಿಗೆ ಸಲಕರಣೆಗಳನ್ನು ಚುಚ್ಚಿಡುವ ಪದ್ಧತಿಯನ್ನು ಹಲವರು ಮೆಚ್ಚುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಮುಖ್ಯವಾಗಿ ಅದಕ್ಕೆ ವಾಹನದ ಹಳೇ ಎಣ್ಣೆ ಸುರಿಯುವುದರಿಂದ. ಆ ಎಣ್ಣೆ ಕೊನೆಗೆ ಸೇರುವುದು ನಾವು ತಿನ್ನುವುದನ್ನು ಬೆಳೆಯುವ ಮಣ್ಣಿಗೇ.

ಆಗಲೇ ತುಕ್ಕು ಹಿಡಿದದ್ದನ್ನು ಎಸೆಯಬೇಡಿ. ಕಬ್ಬಿಣದ ಭಾಗ ಮುಳುಗುವಷ್ಟು ಅಡುಗೆಯ ವಿನೆಗರ್‌ನಲ್ಲಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ತಂತಿ ಬ್ರಷ್ಷಿನಿಂದ ಉಜ್ಜಿದರೆ ತುಕ್ಕು ಕೆಸರಿನಂತೆ ಬಿಟ್ಟುಬರುತ್ತದೆ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ ಆಮ್ಲವನ್ನು ಕಳೆದು, ತೊಳೆದು, ಪೂರ್ತಿ ಒಣಗಿಸಿ ಎಣ್ಣೆ ಸವರಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಬರಿಮೈಯಾದ ಉಕ್ಕಿಗೆ ಅಂದೇ ಹೊಸ ತುಕ್ಕು ಕೂರುತ್ತದೆ. ಅಲ್ಯೂಮಿನಿಯಂ ಹಿಡಿಯ ಕತ್ತರಿಯಾದರೆ ಬಿಚ್ಚಿ, ಉಕ್ಕಿನ ಅಲಗನ್ನಷ್ಟೇ ಅದ್ದಿ.

ಮರದ ಕಾವು ಒರಟಾಗಿ ಸಿಬಿರೆದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ಅಗಸೆ ಎಣ್ಣೆ ತೆಳುವಾಗಿ ಹಚ್ಚುತ್ತೇನೆ. ಸ್ವಲ್ಪ ಹೊತ್ತು ಹೀರಲು ಬಿಟ್ಟು, ಮಿಕ್ಕಿದ್ದನ್ನು ಒರೆಸಿ, ಒಣಗಿದ ಮೇಲೆ ಇನ್ನೊಮ್ಮೆ. ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಲೇಬೇಕು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕದೊಡನೆ ಸೇರಿ, ಆಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ರೋಗದ ಗಿಡ ಸವರಿದ ಕತ್ತರಿಯನ್ನು ಹಾಗೇ ಪಕ್ಕದ ಗಿಡಕ್ಕೆ ಒಯ್ಯುವುದು ರೋಗವನ್ನು ಕೈಯಾರೆ ನಾಟಿ ಮಾಡಿದಂತೆ. ನಾನು ಶೇ. 70ರ ಆಲ್ಕೋಹಾಲಿನಲ್ಲಿ ಅಲಗನ್ನು ಒರೆಸುತ್ತೇನೆ. ಕಬ್ಬಿಣ ಅದರಿಂದ ಕೆಡುವುದಿಲ್ಲ, ನೀರಿನಲ್ಲಿ ತೊಳೆಯುವ ಗೋಜೂ ಇಲ್ಲ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವೂ ಕೆಲಸ ಮಾಡುತ್ತದೆ, ಆದರೆ ಅದು ಉಕ್ಕನ್ನು ತಿನ್ನುತ್ತದೆ. ಬ್ಲೀಚನ್ನು ವಿನೆಗರ್ ಜೊತೆಗಾಗಲಿ ಆಲ್ಕೋಹಾಲ್ ಜೊತೆಗಾಗಲಿ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಟೊಮೆಟೊ, ಮೆಣಸಿನ ಗಿಡಗಳಿಗೆ ಬರುವ ತಂಬಾಕಿನ ಮೊಸಾಯಿಕ್ ವೈರಾಣುವನ್ನು ಆಲ್ಕೋಹಾಲ್ ಅಷ್ಟು ಸುಲಭಕ್ಕೆ ಮಣಿಸದು. ಅದಕ್ಕೆ ಕೆನೆ ತೆಗೆದ ಹಾಲಿನ ಪುಡಿಯ ಶೇ. 20ರ ದ್ರಾವಣದಲ್ಲಿ ಅಲಗು ಅದ್ದುವುದು ಪರಿಣಾಮಕಾರಿ. ರೋಗ ಕಂಡ ಗಿಡವನ್ನು ಎಲ್ಲದರ ಕೊನೆಗೆ ಮುಟ್ಟುವುದು ನನ್ನ ಕ್ರಮ.

ಸಲಕರಣೆಗಳನ್ನು ಗೋಡೆಗೆ ನೇತುಹಾಕಿ, ಅಲಗು ನೆಲ ಮುಟ್ಟದಿರಲಿ. ಕತ್ತರಿಯ ಚಿಲಕ ಹಾಕಿರಲಿ, ಗರಗಸ ಮಡಚಿರಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ. ಹರಿತವಾದ ಸಲಕರಣೆ ಇಟ್ಟುಕೊಂಡವರು ಧನುರ್ವಾಯು ಚುಚ್ಚುಮದ್ದನ್ನೂ ನೆನಪಿಡಬೇಕು. ಧನುರ್ವಾಯು ಬರುವುದು ತುಕ್ಕಿನಿಂದ ಎಂದು ಹಲವರು ನಂಬಿದ್ದಾರೆ. ಅದನ್ನು ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರುವುದು ಮಣ್ಣಿನಲ್ಲಿ, ಗೊಬ್ಬರದಲ್ಲಿ. ಹೊಳೆಯುವ ಹೊಸ ಕೈಸಲಿಕೆ ತಾಗಿದ ಗಾಯಕ್ಕೂ ಅದು ಸೇರಬಹುದು. ಬಾಲ್ಯದ ಲಸಿಕೆಗಳು ಪೂರ್ತಿಯಾಗಿದ್ದವರಿಗೂ 10 ವರ್ಷಕ್ಕೊಮ್ಮೆ ಬೂಸ್ಟರ್ ಬೇಕಾಗುತ್ತದೆ. ಮಣ್ಣು ಮೆತ್ತಿದ ಗಾಯ ಆಳವಾಗಿದ್ದರೆ ಸೋಪು ನೀರಿನಲ್ಲಿ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ.